ಅಬ್ದುಲ್ಲಾಕರ ಹೊಟ್ಟೆಯ ಮೇಲಿನ ಚಹಾ

ಕುದ್ರೋಳಿಯ ಅಬ್ದುಲ್ಲಾಕರ ಅಂಗಡಿಗೆ ಹಾಸಿಗೆ ಕೊಳ್ಳಲು ಹೋದರೆ ಅವರು ನಿಮ್ಮನ್ನು ಅದರ ಮೇಲೆ ಕೂರಲು ಬಿಡುವುದಿಲ್ಲ. ಮೊದಲು ತಾವೇ ಮಲಗುತ್ತಾರೆ. ಟೊಪ್ಪಿ ಸರಿಮಾಡಿಕೊಂಡು, ಲುಂಗಿಯ ಅಂಚನ್ನು ಕಾಲಡಿಗೆ ಒತ್ತಿಕೊಂಡು, ಹಾಸಿಗೆಯ ನಟ್ಟನಡುವೆ ಅಂಗಾತ ಚಾಚಿಕೊಂಡು, "ಬೀಫಾತಿಮ್ಮಾ, ಒಂದು ಚಾ!" ಎಂದು ಕೂಗುತ್ತಾರೆ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಬೀಫಾತಿಮ್ಮ ಕಂಠಮಟ್ಟ ತುಂಬಿದ ಗ್ಲಾಸು ತಂದು, ಗಂಡನ ಹೊಟ್ಟೆಯ ಮೇಲೆ ಮಡಚಿದ ಟವೆಲು ಹಾಕಿ, ಅದರ ಮೇಲೆ ಗ್ಲಾಸನ್ನಿಟ್ಟು, ಇಂಥ ಗಂಡ ಯಾರಿಗೂ ಬೇಡ ಎಂಬ ಮುಖ ಮಾಡಿ ಒಳಗೆ ಹೋಗುತ್ತಾರೆ.

ಗಿರಾಕಿ ಬಾಯಿ ಕಳೆದು ನಿಂತಿರುವಾಗ ಅಬ್ದುಲ್ಲಾಕ ಮಲಗಿದಲ್ಲಿಂದಲೇ ಪಾಠ ಶುರು ಮಾಡುತ್ತಾರೆ. "ನೋಡಿ, ಹಾಸಿಗೆ ಸರಿ ಇದ್ರೆ ಮನುಷ್ಯ ಅಲುಗುದಿಲ್ಲ. ಮನುಷ್ಯ ಅಲುಗದಿದ್ರೆ ಚಾ ಅಲುಗುದಿಲ್ಲ. ಇದಕ್ಕಿಂತ ದೊಡ್ಡ ಗ್ಯಾರಂಟಿ ಎಂತ ಬೇಕು ನಿಮಗೆ?" ಒಂದು ಹನಿಯೂ ಚೆಲ್ಲದ ಆ ಚಹಾವನ್ನು ಆಮೇಲೆ ಎದ್ದು ಕುಳಿತು ಅವರೇ ಕುಡಿಯುತ್ತಾರೆ. ಗಿರಾಕಿಗೆ ಬೇರೆ ಬರುತ್ತದೆ.

ನಾನು ಭಾರ್ಗವಿ, ಕದ್ರಿಯವಳು. ಅಪ್ಪ ದೇವಸ್ಥಾನದಲ್ಲಿ ಪೂಜೆಗಿದ್ದರು, ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಜನ ಹೇಳುತ್ತಾರೆ. ಜನರಿಗೆ ಬುದ್ಧಿ ಇಷ್ಟು ಕಡಿಮೆ ಇರುವಾಗ ಸಿಟ್ಟು ಇನ್ನೆಲ್ಲಿ ಇರಬೇಕು? ನಮ್ಮ ಮನೆಯಲ್ಲಿ ಮಲಗಿದವರೆಲ್ಲ ಅಬ್ದುಲ್ಲಾಕರ ಹಾಸಿಗೆಯ ಮೇಲೆಯೇ ಮಲಗಿದ್ದು. ಈಗಿನ ಫೋಮಿನ ಹಾಸಿಗೆ ನನ್ನ ಮಟ್ಟಿಗೆ ಹಾಸಿಗೆಯೇ ಅಲ್ಲ, ಅದು ದೊಡ್ಡ ಇಡ್ಲಿ.

ಅಬ್ದುಲ್ಲಾಕರ ಹಾಸಿಗೆಯ ಹೊರಗಿನ ಕೆಲಸ ಅವರದ್ದಾದರೆ ಒಳಗಿನದು ಸುಲೈಮಾನಾಕರದು. ಸುಲೈಮಾನಾಕ ಹತ್ತಿ ತರಿಸಿ, ಕಸ ಹೆಕ್ಕಿ, ಹಿಂಜಿ ಕೊಡುವರು. ಅಬ್ದುಲ್ಲಾಕ ಗವಸು ಹೊಲಿದು, ತುಂಬಿ, ದಬ್ಬಣ ಹಿಡಿದು ಮುಗಿಸುವರು. ಮೀಸೆ ಮೂಡುವ ಮೊದಲಿನಿಂದ ಜೊತೆಗಿದ್ದವರು. ಒಬ್ಬರ ಹುಬ್ಬಿಗೆ ಅಂಟಿದ ಹತ್ತಿಯ ಎಳೆಯನ್ನು ಇನ್ನೊಬ್ಬರು ಮಾತಿನ ನಡುವೆಯೇ ತೆಗೆದು ಊದಿಬಿಡುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಮದುವೆ ಮನೆಯವರು ಹಾಸಿಗೆ ನೋಡಲು ಬಂದಿದ್ದರು. ಅಬ್ದುಲ್ಲಾಕ ಮಲಗಿದರು, ಚಹಾ ಬಂತು, ಪಾಠ ಶುರುವಾಯಿತು. ಆಗ ಗ್ಲಾಸು ನಡುಗಿತು. ಡುಬ್, ಡುಬ್, ಡುಬ್. ಚಹಾದ ಮೇಲೆ ಉಂಗುರ ಎದ್ದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಅಂಚು ದಾಟಿ ಟವೆಲಿನ ಮೇಲೆ ಇಳಿಯಿತು. ಮದುಮಗಳ ಮಾವ ಬಗ್ಗಿ ನೋಡಿ, "ಸಾಹೇಬ್ರೇ, ಹಾಸಿಗೆ ಒಳಗೆ ಇಲಿ ಉಂಟಾ?" ಎಂದು ಕೇಳಿಬಿಟ್ಟರು. ಬಂದ ದಾರಿಗೆ ಸುಂಕವಿಲ್ಲ ಎಂದು ಅವರು ಹೊರಟುಹೋದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಬ್ದುಲ್ಲಾಕ ಹಾಸಿಗೆ ಡೊಂಕು ಎಂದರು. ಗವಸನ್ನು ಸಿಗಿದು, ಬಾಚಿದಷ್ಟು ಹತ್ತಿ ಎತ್ತಿಕೊಂಡು ರಸ್ತೆಗೆ ಬಂದು, ಎದುರಿನ ಹತ್ತಿ ಹಿಂಜುವ ಕೋಣೆಯಿಂದ ಹೊರಬಂದ ಸುಲೈಮಾನಾಕರ ಮುಖದೆದುರು ಎಸೆದರು. "ಇದರಲ್ಲಿ ಎಂತ ಬೆರೆಸಿದ್ದಿ ನೀನು? ನಿನ್ನ ಹತ್ತಿ ಸುಳ್ಳು!" ಎಂದು ಊರು ಕೇಳುವ ಹಾಗೆ ಕೂಗಿದರು. ಮೀನು ಮಾರುವ ತೆರೆಸಾಳ ಬುಟ್ಟಿಯ ಬಂಗುಡೆಗಳಿಗೆಲ್ಲ ಬಿಳಿ ಗಡ್ಡ ಬಂತು. ಸುಲೈಮಾನಾಕ ಅಂಗಿಯ ಮೇಲಿನ ಹತ್ತಿಯನ್ನು ತಾವೇ ಕೊಡವಿಕೊಂಡು ಹೋದವರು ಮತ್ತೆ ಆ ರಸ್ತೆಗೆ ಕಾಲಿಡಲಿಲ್ಲ. ಪಡೀಲಿನ ಯಾವುದೋ ಫೋಮ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೆಂದು ಆಮೇಲೆ ಸುದ್ದಿ ಬಂತು. ಹತ್ತಿಯ ಮನುಷ್ಯ ಫೋಮ್ ಮಾರುವುದು!

ಅಬ್ದುಲ್ಲಾಕ ಬೇರೆಯವರ ಹತ್ತಿ ತಂದರು, ಗ್ಲಾಸು ನಡುಗಿತು. ಅವರನ್ನೂ ಬಿಟ್ಟು ಇನ್ನೊಬ್ಬರ ಹತ್ತಿ ತಂದರು, ಆಗಲೂ ನಡುಗಿತು. ಬುದ್ಧಿ ಇದ್ದವರಿಗೆ ಇಷ್ಟು ಸಾಕಿತ್ತು. ಆದರೆ ಅಬ್ದುಲ್ಲಾಕರಿಗೆ ಇದ್ದದ್ದು ವ್ಯಾಪಾರದ ಬುದ್ಧಿ. ಶಾಲೆ ಬಿಟ್ಟ ಮಕ್ಕಳು ಕುಣಿಯುವ ಗ್ಲಾಸನ್ನು ನೋಡಲು ಅಂಗಡಿಯ ಮೆಟ್ಟಿಲಿಗೆ ಮುತ್ತಿಕೊಂಡದ್ದೇ ತಡ, ಅವರು ಪಾಠವನ್ನೇ ತಿರುಗಿಸಿದರು. "ಇದು ಜೀವ ಇರುವ ಹತ್ತಿ ಮಾರಾಯ್ರೆ! ನೀವು ಮಲಗಿದ್ರೆ ಸಾಕು, ಅದೇ ತಟ್ಟಿ ಮಲಗಿಸ್ತದೆ." ಮಕ್ಕಳು ತಾಳ ಹಾಕುವರು, ಗ್ಲಾಸು ಕುಣಿಯುವುದು, ಗಿರಾಕಿಗಳು ನಕ್ಕು ನಕ್ಕು ಹಾಸಿಗೆ ಕೊಳ್ಳುವರು. ಡ್ಯಾನ್ಸ್ ಹಾಸಿಗೆ ಎಂದು ಹೆಸರೇ ಬಿದ್ದುಹೋಯಿತು. ಒಮ್ಮೆ ಗ್ಲಾಸಿಗೆ ಗೊಂಬೆಯ ಲಂಗ ಕಟ್ಟಿ ಕುಣಿಸಿದ್ದೂ ಉಂಟು. ನಾನೂ ಹೋಗಿ ನೋಡಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಹೀಗಿರುವಾಗ ನನ್ನ ತಮ್ಮನ ಮಗಳು ಕೃತಿ ಹೊಸ ಮಂಚ ಮಾಡಿಸಿದಳು. ಅವಳು ಇಲ್ಲಿಯೇ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಡಾಕ್ಟರು.

"ಅತ್ತೆ, ನಾನು ಸ್ಪ್ರಿಂಗ್ ಹಾಸಿಗೆ ತೆಕ್ಕೊಳ್ತೇನೆ," ಎಂದಳು.

"ಸ್ಪ್ರಿಂಗ್ ಗಡಿಯಾರಕ್ಕೆ ಇರುದು. ನಡಿ ಕುದ್ರೋಳಿಗೆ," ಎಂದು ಎಳೆದುಕೊಂಡು ಹೋದೆ.

ಅಬ್ದುಲ್ಲಾಕ ಅವಳಿಗಾಗಿ ವಿಶೇಷ ಆಟವನ್ನೇ ಆಡಿದರು. ಮಕ್ಕಳ ತಾಳ, ಗ್ಲಾಸಿನ ಕುಣಿತ, ಎಲ್ಲ ಸೊಗಸಾಗಿತ್ತು. ನಾನು ನಗುತ್ತ ಪಕ್ಕಕ್ಕೆ ತಿರುಗಿದರೆ ಕೃತಿ ನಗುತ್ತಿರಲಿಲ್ಲ. ಮೆಲ್ಲಗೆ ಹೋಗಿ ಅವರ ಮಣಿಕಟ್ಟು ಹಿಡಿದು, ಕಣ್ಣನ್ನು ಗ್ಲಾಸಿನ ಮೇಲಿಟ್ಟು, ಎಷ್ಟೋ ಹೊತ್ತು ಹಾಗೆಯೇ ನಿಂತಳು. ನಾಡಿ ಒಮ್ಮೆ ಬಡಿದರೆ ಗ್ಲಾಸು ಒಮ್ಮೆ ಕುಣಿಯುತ್ತಿತ್ತು.

"ಅಬ್ದುಲ್ಲಾಕ, ಒಮ್ಮೆ ನೆಲದ ಮೇಲೆ ಮಲಗ್ತೀರಾ?"

"ಎಂತ ಹೇಳ್ತೀ ಮಗಳೇ? ಹಾಸಿಗೆ ಮಾರುವವ ನೆಲದಲ್ಲಿ ಮಲಗುದಾ? ಮರ್ಯಾದೆ ಉಂಟಾ?"

"ನನಗೋಸ್ಕರ. ಮೆಲ್ಲ ಇಳಿಯಿರಿ."

ಗೊಣಗುತ್ತ ನೆಲಕ್ಕಿಳಿದು ಮಲಗಿದರು. ಕೆಂಪು ಕಾವಿಯ ಗಟ್ಟಿ ನೆಲ. ಅವಳೇ ಗ್ಲಾಸು ಇಟ್ಟಳು. ಅದು ಹಾಸಿಗೆಯ ಮೇಲೆ ಕುಣಿದ ಹಾಗೆಯೇ ಕುಣಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಬ್ದುಲ್ಲಾಕ ಕತ್ತೆತ್ತಿ ತಮ್ಮ ಹೊಟ್ಟೆಯನ್ನು ನೋಡಿದರು, ನೆಲವನ್ನು ಮುಟ್ಟಿ ನೋಡಿದರು. ಮುಖ ಸುಣ್ಣದ ಹಾಗಾಯಿತು. ನನಗೇನಾಗಿದೆ ಎಂದು ಅವರು ಕೇಳಲಿಲ್ಲ. "ಸುಲೈಮಾನ್," ಎಂದರು, ಅಷ್ಟೇ.

ಮರುದಿನವೇ ಕೃತಿ ಅವರನ್ನು ಕರೆಸಿಕೊಂಡು ಸ್ಕ್ಯಾನ್ ಮಾಡಿದಳು. ಹೃದಯದಿಂದ ಹೊಟ್ಟೆಗೆ ಇಳಿದು ಬರುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಉಬ್ಬಿತ್ತು. ಎರಡು ಸೆಂಟಿಮೀಟರ್ ಅಗಲ ಇರಬೇಕಾದದ್ದು ಆರನ್ನು ದಾಟಿತ್ತು. ಹರೆಯದಿಂದ ಸೇದಿದ ಬೀಡಿಯೂ, ಲೆಕ್ಕಕ್ಕಿಡದ ಬಿಪಿಯೂ ಸೇರಿ ಗೋಡೆಯನ್ನು ತೆಳ್ಳಗೆ ಮಾಡಿದ್ದವು. ಆ ಗೋಡೆ ಒಡೆದರೆ ಆಸ್ಪತ್ರೆಯ ಬಾಗಿಲು ಕಾಣುವವರೇ ಕಡಿಮೆ ಎಂದು ಕೃತಿ ನನಗೆ ಹೇಳಿದಳು. ಎರಡು ವರ್ಷ ನಾವು ಚಪ್ಪಾಳೆ ತಟ್ಟಿದ್ದು ಇದಕ್ಕೆ.

ಸರ್ಜನ್ ಸಮಾಧಾನದ ಮನುಷ್ಯ. ಹೊಟ್ಟೆ ಕೊಯ್ಯುವುದು ಬೇಡ ಎಂದರು. ತೊಡೆಯ ಸಂದಿಯಲ್ಲಿ ಎರಡು ಕಡೆ ಸಣ್ಣ ತೂತು ಮಾಡಿ, ಅಲ್ಲಿಂದ ರಕ್ತನಾಳದ ಒಳಗೆ ತೆಳ್ಳಗಿನ ನಳಿಗೆಯನ್ನು ಮೇಲಕ್ಕೆ ಕಳಿಸುತ್ತಾರೆ. ಅದರೊಳಗೆ ಮಡಚಿಟ್ಟ ಬಟ್ಟೆಯ ಕೊಳವೆ ಇರುತ್ತದೆ, ಅದಕ್ಕೆ ಸಣ್ಣ ಲೋಹದ ತಂತಿಯ ಬಲೆ. ಉಬ್ಬಿದ ಜಾಗದಲ್ಲಿ ಅದನ್ನು ಬಿಚ್ಚಿದರೆ ತಾನಾಗಿ ಅರಳಿ, ಉಬ್ಬಿನ ಮೇಲೂ ಕೆಳಗೂ ಇರುವ ಗಟ್ಟಿ ಗೋಡೆಗೆ ಒತ್ತಿ ಕೂರುತ್ತದೆ. ಮತ್ತೆ ರಕ್ತ ಹರಿಯುವುದು ಆ ಬಟ್ಟೆಯೊಳಗೆ, ಪಾಪ, ಹಳೆಯ ಗೋಡೆಗೆ ವಿಶ್ರಾಂತಿ.

ಬೀಫಾತಿಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಬ್ದುಲ್ಲಾಕ ಮಾತ್ರ ತಲೆಯಾಡಿಸಿ, "ಹಳೆ ಗವಸು ಪಿಸಿದು ತೆಳ್ಳಗಾಗಿದೆ, ಒಳಗಿಂದ ಹೊಸ ಗವಸು ಹಾಕುದು. ಅಷ್ಟೇ ಅಲ್ವಾ? ಒಳ್ಳೇದು," ಎಂದರು. ಸರ್ಜನ್ ಹೌದೆಂದು ನಕ್ಕರು.

"ಆದ್ರೆ ಸುಲೈಮಾನ್ ಮನ್ನಿಸದೆ ನಾನು ಆ ಟೇಬಲ್ ಹತ್ತುದಿಲ್ಲ ಡಾಕ್ಟ್ರೇ," ಎಂದು ಸೇರಿಸಿದರು.

ಸರ್ಜನರ ನಗು ನಿಂತಿತು. "ನೋಡಿ, ಇದು ಕಾಯುವ ಕೆಲಸ ಅಲ್ಲ."

"ಹಜ್ಜಿಗೆ ಹೊರಡುವ ಮುಂಚೆ ಮನೆ ಮನೆಗೆ ಹೋಗಿ, ತಪ್ಪಿದ್ರೆ ಮನ್ನಿಸಿ ಅಂತ ಕೇಳಿದವ ನಾನು. ಅವತ್ತು ಪ್ರತಿ ಮನೆಗೂ ನನ್ನ ಜೊತೆ ಬಂದವ ಸುಲೈಮಾನ್. ಅದು ಹೋಗಿ ಬರುವ ಪ್ರಯಾಣ. ಇದರಲ್ಲಿ ಬರುದು ಉಂಟಾ ಇಲ್ವಾ, ನೀವೇ ಬರೆದು ಕೊಡ್ತೀರಾ? ಇಲ್ಲ ಅಲ್ವಾ? ಅವನ ಹತ್ತಿಯನ್ನು ನಾನು ಸುಳ್ಳು ಅಂದಿದ್ದೇನೆ. ಆ ಭಾರ ಹೊತ್ತು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ನಾಲ್ಕು ಮಾತು ಬಯ್ಯಲು ಬಾಯಿ ತೆರೆದೆ. ಬಯ್ಯುವ ಬದಲು ಬೀಫಾತಿಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡೆ.

ಭಾರ ಎತ್ತಬಾರದು, ಕೂಗಬಾರದು, ಸಿಟ್ಟು ಮಾಡಬಾರದು ಎಂದು ಡಾಕ್ಟರು ಅಬ್ದುಲ್ಲಾಕರಿಗೆ ಹೇಳಿದ್ದನ್ನು ಇಡೀ ರಸ್ತೆ ತನಗೇ ಹೇಳಿದ್ದೆಂದು ತಿಳಿದುಕೊಂಡಿತು. ರಿಕ್ಷಾದವರು ಅಂಗಡಿಯ ಹತ್ತಿರ ಇಂಜಿನ್ ಆರಿಸಿ ದೂಡಿಕೊಂಡು ಹೋದರು. ತೆರೆಸಾ ಬುಟ್ಟಿ ಹೊತ್ತುಕೊಂಡು, "ಬೂತಾಯಿ… ಬಂಗುಡೆ…" ಎಂದು ಕಿವಿಯಲ್ಲಿ ಗುಟ್ಟು ಹೇಳುವವಳ ಹಾಗೆ ಮೀನು ಮಾರಿದಳು. ಬೀಫಾತಿಮ್ಮ ಗಂಡನ ಜೊತೆ ಜಗಳ ಬಿಟ್ಟರು. ಜಗಳವಿಲ್ಲದ್ದಕ್ಕೆ ಅಬ್ದುಲ್ಲಾಕರಿಗೆ ದಿಗಿಲಾಗಿ, "ಎಂತ, ನಾನು ಅಷ್ಟು ಹಾಳಾಗಿದ್ದೇನಾ?" ಎಂದು ಕೇಳಿದರು. ಇನ್ನು ಮನೆಮನೆಯಲ್ಲೂ ಜನ ಹೊಟ್ಟೆಯ ಮೇಲೆ ಗ್ಲಾಸಿಟ್ಟುಕೊಂಡು ಮಲಗಿದ್ದೇ ಮಲಗಿದ್ದು. ಚಹಾ ಚೆಲ್ಲಿ ಸುಟ್ಟುಕೊಂಡವರೂ ಇದ್ದರು. ಕೃತಿಗೆ ತಡೆಯಲಾರದೆ, "ಸಪೂರ ಇದ್ದವರ ಹೊಟ್ಟೆ ಸ್ವಲ್ಪ ಅಲುಗುದು ಉಂಟು! ಸಂಶಯ ಇದ್ರೆ ಬಂದು ಸ್ಕ್ಯಾನ್ ಮಾಡಿಸಿ, ಗ್ಲಾಸು ಕಪಾಟಿಗೆ ಇಡಿ!" ಎಂದು ಗದರಿದಳು.

ಬೀಫಾತಿಮ್ಮನ ಫೋನನ್ನು ಸುಲೈಮಾನಾಕ ಎತ್ತುತ್ತಿರಲಿಲ್ಲ. ಕೊನೆಗೆ ನಾನೇ ಬಸ್ಸು ಹತ್ತಿ ಪಡೀಲಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ಎಸಿ, ಸಾಲು ಸಾಲು ಇಡ್ಲಿಗಳು. ಅವುಗಳ ನಡುವೆ ಟೈ ಕಟ್ಟಿಕೊಂಡು ಸುಲೈಮಾನಾಕ ನಿಂತಿದ್ದರು. ಕುತ್ತಿಗೆಗೆ ಯಾರೋ ಹಗ್ಗ ಹಾಕಿದ ಹಾಗೆ ಕಾಣುತ್ತಿತ್ತು. ನನ್ನನ್ನು ಕಂಡು ನಗಲು ಹೋಗಿ ನಿಲ್ಲಿಸಿಕೊಂಡರು.

"ಟೀಚರೇ, ಅವನ ವಿಷಯ ಆದ್ರೆ ಬೇಡ. ರಸ್ತೆಯಲ್ಲಿ ನನ್ನ ಹತ್ತಿ ಸುಳ್ಳು ಅಂದವ ಅವನು. ಹಿಂಜುವ ಕೈಗೆ ಅದಕ್ಕಿಂತ ದೊಡ್ಡ ಪೆಟ್ಟು ಉಂಟಾ?"

"ಇಲ್ಲ," ಎಂದೆ. ಸುಳ್ಳು ಹೇಳಲು ಬರುವುದಿಲ್ಲ ನನಗೆ.

ಅವರು ಒಂದು ಫೋಮಿನ ಮೂಲೆಯನ್ನು ಒತ್ತುತ್ತ ಬಿಡುತ್ತ ನಿಂತರು. ಆಮೇಲೆ ಕೇಳಬಾರದೆಂದುಕೊಂಡದ್ದನ್ನು ಕೇಳಿದರು. "ಈಗಲೂ ಗ್ಲಾಸು ಕುಣಿತದಾ?"

"ಕುಣಿತದೆ."

"ಯಾರ ಹತ್ತಿ ಮೇಲೆ?"

"ಎಲ್ಲರ ಹತ್ತಿ ಮೇಲೂ. ಮೊನ್ನೆ ಬರೀ ನೆಲದ ಮೇಲೂ ಕುಣಿಯಿತು."

"ನೆಲದ ಮೇಲೂ?" ಅವರ ಮುಖ ಮೊದಲು ಅರಳಿತು, ಗೆದ್ದವನ ಮುಖ. ಒಂದು ಕ್ಷಣ ಕಳೆದು ಅದೇ ಮುಖ ಕುಸಿಯಿತು. "ಹಾಗಾದ್ರೆ ಕುಣಿಯುದು ಎಂತ ಟೀಚರೇ?"

ನಾನು ಹೇಳಿದೆ. ಅವರು ಟೈ ಬಿಚ್ಚಿ ಹತ್ತಿರದ ದಿಂಬಿನ ಮೇಲಿಟ್ಟು, ಯಾರಿಗೂ ಹೇಳದೆ ನನಗಿಂತ ಮೊದಲು ಹೊರಗೆ ಬಂದರು.

ಅಷ್ಟು ಹೊತ್ತಿಗೆ ಕೃತಿ ಅಬ್ದುಲ್ಲಾಕರನ್ನು ಹೇಗೋ ಪುಸಲಾಯಿಸಿ ಆಸ್ಪತ್ರೆಯಲ್ಲಿ ಮಲಗಿಸಿದ್ದಳು. ಸುಲೈಮಾನಾಕ ವಾರ್ಡಿಗೆ ನುಗ್ಗಿದವರೇ ಗೆಳೆಯನನ್ನು ನೋಡಲಿಲ್ಲ, ಹಾಸಿಗೆಯನ್ನು ಒತ್ತಿ ನೋಡಿದರು. "ರೆಕ್ಸಿನ್ ಗವಸು. ಒಳಗೆ ಫೋಮ್. ಬೀಫಾತಿಮ್ಮಾ, ಗ್ಲಾಸು ಕೊಡಿ."

ನರ್ಸಮ್ಮ ಬೇಡವೆನ್ನುವ ಮೊದಲೇ ಅರ್ಧ ಗ್ಲಾಸು ನೀರು ಅಬ್ದುಲ್ಲಾಕರ ಹೊಟ್ಟೆಯ ಮೇಲೆ ಕೂತಿತು. ಡುಬ್, ಡುಬ್, ಡುಬ್.

"ನೋಡಿದ್ರಾ ಎಲ್ಲರೂ? ಇದು ನನ್ನ ಹತ್ತಿ ಅಲ್ಲ!" ಎಂದು ಸುಲೈಮಾನಾಕ ವಾರ್ಡಿನ ರೋಗಿಗಳಿಗೆಲ್ಲ ಕೈ ತೋರಿಸಿ ಸಾರಿದರು. ಆಮೇಲೆ ಗ್ಲಾಸನ್ನು ತೆಗೆದು, ಆ ಜಾಗದ ಮೇಲೆ ಬರಿಯ ಕೈ ಇಟ್ಟರು. ಅಂಗೈಯ ಕೆಳಗೆ ಅದು ಬಡಿದದ್ದು ಅವರಿಗೆ ಗೊತ್ತಾಗಿರಬೇಕು. ಸುಡುವುದನ್ನು ಮುಟ್ಟಿದ ಹಾಗೆ ಕೈ ಎಳೆದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು.

"ಮನ್ನಿಸು ಮಾರಾಯ," ಎಂದರು ಅಬ್ದುಲ್ಲಾಕ. ಬ್ಯಾರಿ ಭಾಷೆಯಲ್ಲೇ ಆಡಿಕೊಂಡರು, ಆದರೆ ಅಷ್ಟು ವರ್ಷ ಆ ರಸ್ತೆಗೆ ಹೋಗಿಬಂದ ನನಗೆ ಅರ್ಥವಾಗದೆ ಇರುತ್ತದೆಯೇ?

"ಇಲ್ಲ. ನೀನು ಬೈದದ್ದು ರಸ್ತೆಯಲ್ಲಿ. ಮನ್ನಿಸು ಅಂತ ಹೇಳ್ಬೇಕಾದ್ದೂ ಅದೇ ರಸ್ತೆಯಲ್ಲಿ, ಅಷ್ಟೇ ದೊಡ್ಡ ಸ್ವರದಲ್ಲಿ."

"ಈಗಲೇ ಹೋಗಿ ಹೇಳ್ತೇನೆ," ಎಂದು ಅಬ್ದುಲ್ಲಾಕ ಎದ್ದೇಬಿಟ್ಟರು. ನರ್ಸಮ್ಮ ಓಡಿಬಂದರು.

ಸುಲೈಮಾನಾಕ ಗೆಳೆಯನ ಭುಜ ಹಿಡಿದು ಮಲಗಿಸಿದರು. "ಈಗ ನಿನಗೆ ಕೂಗ್ಲಿಕ್ಕೆ ಇಲ್ಲ. ಒಳಗೆ ಗವಸು ಹಾಕಿಸಿಕೊಂಡು ಬಾ. ಬಂದು ಹೇಳು. ಅಲ್ಲಿವರೆಗೆ ಮನ್ನಿಸುದಿಲ್ಲ, ಎಲ್ಲಿಗೂ ಹೋಗ್ಲಿಕ್ಕೂ ಬಿಡುದಿಲ್ಲ. ಗೊತ್ತಾಯ್ತಾ?"

ಅಬ್ದುಲ್ಲಾಕ ಅವರನ್ನೇ ನೋಡುತ್ತ ಮಲಗಿದರು. ಅಬ್ದುಲ್ಲಾಕರ ಹುಬ್ಬಿನ ಮೇಲೆ ಅಂದು ಹತ್ತಿಯ ಒಂದು ಎಳೆಯೂ ಇರಲಿಲ್ಲ. ಆದರೂ ಸುಲೈಮಾನಾಕ ಅಲ್ಲಿ ಏನನ್ನೋ ತೆಗೆದು ಊದಿದರು. "ಡಾಕ್ಟ್ರಿಗೆ ಹೇಳಿ, ನಾನು ರೆಡಿ," ಎಂದರು ಅಬ್ದುಲ್ಲಾಕ.

ಶಸ್ತ್ರಚಿಕಿತ್ಸೆಯ ದಿನ ನಾವು ಮೂವರು ಹೊರಗೆ ಬೆಂಚಿನಲ್ಲಿ ಕೂತೆವು. ಬೀಫಾತಿಮ್ಮನ ತುಟಿ ಅಲ್ಲಾಹನ ಹೆಸರಲ್ಲಿ ಅಲುಗುತ್ತಿತ್ತು, ನಾನು ಕದ್ರಿಯ ಮಂಜುನಾಥನಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿಕೊಂಡೆ. ಸುಲೈಮಾನಾಕ ಎಲ್ಲಿಂದಲೋ ಒಂದು ತುಂಡು ಹತ್ತಿ ಸಂಪಾದಿಸಿ ಹಿಂಜುತ್ತಲೇ ಇದ್ದರು. ಮಡಿಲ ತುಂಬ ಮೋಡ ಬೆಳೆಯಿತು. ಕೃತಿ ಬಾಗಿಲು ತೆರೆದು ಬಂದಾಗ ಅದೆಲ್ಲ ಹಾರಿ ಅವಳ ತಲೆಯ ಮೇಲೆ ಕೂತಿತು.

"ಗವಸು ಸರಿಯಾಗಿ ಕೂತಿದೆ," ಎಂದಳು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಆಸ್ಪತ್ರೆಯಲ್ಲಿ ಕುಣಿದೆ. ಬೀಫಾತಿಮ್ಮ ನನ್ನ ಕೈ ಹಿಡಿದು ಜೊತೆಗೆ ಒಂದು ಸುತ್ತು ಬಂದರು.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅಬ್ದುಲ್ಲಾಕ ಒಳಗೆ ಎಚ್ಚರವಾಗಿಯೇ ಇದ್ದರಂತೆ. ಚಿತ್ರ ತೆಗೆಯುವಾಗ ಉಸಿರು ಹಿಡಿಯಿರಿ, ಮಾತಾಡಬೇಡಿ ಎಂದರೆ ಹಾಗೆಯೇ ಮಾಡಿದರಂತೆ. ಬೀಫಾತಿಮ್ಮ ಇದನ್ನು ಮಾತ್ರ ಇಂದಿಗೂ ನಂಬಿಲ್ಲ. ಆಮೇಲೆ ಕಾಲು ಮಡಚದೆ ಅಂಗಾತ ಮಲಗಿರಬೇಕು ಎಂದಾಗ, "ಅದು ನನಗೆ ಕಲಿಸ್ಬೇಕಾ ಸಿಸ್ಟರೇ? ನನ್ನ ಉದ್ಯೋಗವೇ ಅದು," ಎಂದು ಜಂಬ ಕೊಚ್ಚಿದರಂತೆ. ನೋಡಲು ಬಂದವರೆಲ್ಲ ಕಿತ್ತಳೆ, ಎಳನೀರಿನ ಬೊಂಡ ತಂದು, ಅಷ್ಟು ದೊಡ್ಡ ಆಪರೇಷನ್ನಿನ ಹೊಲಿಗೆ ಎಲ್ಲಿ, ತೋರಿಸಿ ಎಂದು ಕುತೂಹಲದಿಂದ ಬಗ್ಗಿದರು. ತೋರಿಸುವ ಜಾಗದಲ್ಲಿ ಅದಿರಲಿಲ್ಲ. ಅಬ್ದುಲ್ಲಾಕ ಲುಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬೊಂಡ ಕುಡಿದರು.

ಮತ್ತೆ ಸ್ಕ್ಯಾನ್ ಮಾಡಿ, ಎಲ್ಲ ಸರಿ ಇದೆ, ಇನ್ನು ಕೂಗಬಹುದು ಎಂದು ಡಾಕ್ಟರು ಒಪ್ಪಿದ ಮೇಲೆ, ಕುದ್ರೋಳಿಯ ಅಂಗಡಿಯಲ್ಲಿ ಇಬ್ಬರೂ ಸೇರಿ ಮೊದಲ ಹಾಸಿಗೆ ಮಾಡಿದರು. ಅದು ಕೃತಿಯದು. ಅಂದು ಕೊಳ್ಳಲು ಹೋಗಿ ಕೊಳ್ಳದೆ ಬಂದದ್ದು. ನಾವು ಹೋಗುವಾಗ ರಸ್ತೆಯೇ ಅಲ್ಲಿ ಸೇರಿತ್ತು. ಹಾಸಿಗೆಯನ್ನು ಅಂಗಡಿಯ ಹೊರಗೆ ಮಂಚದ ಮೇಲೆ ಹಾಕಿದ್ದರು. ಅಬ್ದುಲ್ಲಾಕ ಟೊಪ್ಪಿ ಸರಿಮಾಡಿಕೊಂಡು ಮಲಗಿದರು. ಬೀಫಾತಿಮ್ಮ ಕಂಠಮಟ್ಟ ತುಂಬಿದ ಗ್ಲಾಸು ಇಟ್ಟರು, ಈ ಸಲ ಒಳಗೆ ಹೋಗಲಿಲ್ಲ.

ಮಕ್ಕಳು ತಾಳ ಹಾಕಲು ಕೈ ಎತ್ತಿಕೊಂಡು ಕಾದರು. ಗ್ಲಾಸು ಕುಣಿಯಲಿಲ್ಲ. ಚಹಾದ ಮೇಲೆ ಒಂದು ಉಂಗುರವೂ ಏಳಲಿಲ್ಲ.

"ಹಾಳಾಯ್ತಾ?" ಎಂದು ಒಂದು ಪುಟ್ಟ ಹುಡುಗಿ ಬೇಸರದಿಂದ ಕೇಳಿದಳು.

ಸುಲೈಮಾನಾಕ ಬಗ್ಗಿ ಕಣ್ಣನ್ನು ಗ್ಲಾಸಿನ ಮಟ್ಟಕ್ಕೆ ಇಟ್ಟು ನೋಡಿದರು. ನೋಡುತ್ತಲೇ ಇದ್ದರು.

ಆಗ ಅಬ್ದುಲ್ಲಾಕ ಮಲಗಿದಲ್ಲಿಂದಲೇ, ಎರಡು ವರ್ಷದ ಹಿಂದಿನ ಅದೇ ಸ್ವರ ತೆಗೆದು, ಬಂದರಿನವರೆಗೂ ಕೇಳುವ ಹಾಗೆ ಕೂಗಿದರು. "ಊರವರೇ ಕೇಳಿ! ಸುಲೈಮಾನನ ಹತ್ತಿ ಸತ್ಯ! ಸುಳ್ಳು ಇದ್ದದ್ದು ನನ್ನ ಹೊಟ್ಟೆಯಲ್ಲಿ! ಮನ್ನಿಸು ಸುಲೈಮಾನ್!"

ಅಷ್ಟು ದೊಡ್ಡ ಸ್ವರವನ್ನು ಯಾವ ಹೊಟ್ಟೆ ತಡೆದೀತು? ಗ್ಲಾಸು ಜಿಗಿದು ಮಗುಚಿತು, ಬಿಸಿ ಚಹಾ ಕೃತಿಯ ಹೊಸ ಹಾಸಿಗೆಯ ಮೇಲೆಲ್ಲ ಹರಿಯಿತು. ಅಬ್ದುಲ್ಲಾಕ ಲುಂಗಿ ಹಿಡಿದುಕೊಂಡು ಹಾರಿ ನಿಂತರು. ಮಕ್ಕಳು ಕಿರುಚಿದರು, ತೆರೆಸಾ ಬುಟ್ಟಿ ಇಳಿಸಿ ನಕ್ಕಳು, ನಾನು ಕಂಬ ಹಿಡಿದುಕೊಂಡೆ.

"ಇದು ಹತ್ತಿಯ ತಪ್ಪಲ್ಲ!" ಎಂದು ಸುಲೈಮಾನಾಕ ಎರಡೂ ಕೈ ಎತ್ತಿ ಕೂಗಿದರು. ಆ ಎತ್ತಿದ ಕೈಗಳಲ್ಲೇ ಗೆಳೆಯನನ್ನು ತಬ್ಬಿಕೊಂಡರು.

ಬೇರೆ ಗವಸು ಹಾಕಿ ಕೊಡುತ್ತೇವೆ ಎಂದು ಇಬ್ಬರೂ ಎಷ್ಟೋ ಹೇಳಿದರು. ಕೃತಿ ಬೇಡವೆಂದಳು. ಈಗಲೂ ಚಹಾದ ಕಲೆಯ ಬದಿಯನ್ನೇ ಮೇಲೆ ಹಾಕಿಕೊಂಡು ಮಲಗುತ್ತಾಳೆ.